ಇಂಜಿನ್ನಿನ ಬಡಿತ: ಸದ್ದಿನ ಮೂಲವನ್ನು ಅರಿಯೋಣ

ಉಳವಿಯ ಜಾತ್ರೆಗೆ ಕುಟುಂಬಸಮೇತರಾಗಿ ಕಾರಿನಲ್ಲಿ ಹೊರಟ ಸದ್ಭಕ್ತರಿಗೆ ಘಟ್ಟದ ಏರಿನಲ್ಲಿ ಇಂಜಿನ್ನಿನಿಂದ ‘ಕಟಕಟ’ ಸದ್ದು ಕೇಳಿಬರುವುದುಂಟು. ಪೆಟ್ರೋಲ್ ವಾಹನದ ಈ ಬಡಿತಕ್ಕೆ ಮೆಕ್ಯಾನಿಕರು ‘ನಾಕಿಂಗ್’ ಎನ್ನುತ್ತಾರೆ. ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಹೊತ್ತಿದ ಜ್ವಾಲೆಯು ತಲುಪುವ ಮೊದಲೇ ಸಿಲಿಂಡರಿನಲ್ಲಿ ಉಳಿದ ಇಂಧನಮಿಶ್ರಣವು ಒತ್ತಡ, ತಾಪಗಳಿಂದ ತಾನಾಗಿ ಸಿಡಿಯುವುದೇ ಇದರ ಮೂಲ. ಅಲಕ್ಷಿಸಿದರೆ ಪಿಸ್ಟನ್ನೇ ಒಡೆದೀತು.

ನಾವು ಅರಿಕೆ ಮಾಡುವುದಿಷ್ಟು: ಗೇರ್ ಇಳಿಸಿ, ಆಕ್ಸಿಲರೇಟರ್ ಸಡಿಲಿಸಿದೊಡನೆ ಸದ್ದು ಅಡಗಿದರೆ ಅದು ಬಹುಶಃ ನಾಕಿಂಗ್. ಆಗ ಕಡಿಮೆ ಆಕ್ಟೇನಿನ ಪೆಟ್ರೋಲ್, ಮುಂದಾದ ಇಗ್ನಿಷನ್ ಟೈಮಿಂಗ್, ಒಳಗೆ ಕಟ್ಟಿದ ಮಸಿ, ಅತಿತಾಪ ಇವನ್ನು ಒಂದೊಂದಾಗಿ ಪರೀಕ್ಷಿಸಬೇಕು. ವಾಹನ ನಿಂತಿದ್ದಾಗಲೂ ಆಳದಿಂದ ಬಡಿತ ಕೇಳುತ್ತಿದ್ದರೆ ಬೇರಿಂಗ್ ಸವೆದಿರಬಹುದು. ಕೂಡಲೇ ಇಂಜಿನ್ ನಿಲ್ಲಿಸಿ ಆಯಿಲ್ ನೋಡಬೇಕು, ಮುಂದೆ ಓಡಿಸಲಾಗದು.

1921ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿಯವರು ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಿ ನಾಕಿಂಗನ್ನು ಅಡಗಿಸಿದರು. ಸದ್ದೇನೋ ನಿಂತಿತು, ಆದರೆ ಸೀಸದ ವಿಷವು ಮಕ್ಕಳ ಉಸಿರನ್ನು ಸೇರಿತು. ಭಾರತದಲ್ಲಿ ಅಂಥ ಪೆಟ್ರೋಲಿನ ಮಾರಾಟ ನಿಂತುದು 2000ದಲ್ಲಿ. ಸದ್ದಡಗಿಸುವುದು ಬೇರೆ, ದೋಷವನ್ನು ಕಳೆಯುವುದು ಬೇರೆ. ಮನೆಮಂದಿಯನ್ನು ಹೊತ್ತು ನಡೆವ ವಾಹನದ ಆರೈಕೆಯೂ ಕಾಯಕವೇ ಎಂದು ನಾವು ತಿಳಿಯುತ್ತೇವೆ.