ಮೇಡಂ ಕ್ಯೂರಿಯ ಮನೆವಾರ್ತೆ

ರಾತ್ರಿ ಒಂಬತ್ತು ಗಂಟೆಯ ಸಮಯ. ಪ್ಯಾರಿಸ್ಸಿನ ಒಂದು ಮನೆ. ನಾಲ್ಕು ವರ್ಷದ ಐರೀನ್‌ಗೆ ಅಮ್ಮ ಪಕ್ಕದಲ್ಲಿ ಕೂರದಿದ್ದರೆ ನಿದ್ದೆಯಿಲ್ಲ. ಮಗುವಿನ ಕಣ್ಣು ಮುಚ್ಚುವವರೆಗೂ ಕತ್ತಲಲ್ಲಿ ಕುಳಿತಿದ್ದು, ಆಮೇಲೆ ತಾಯಿ ಮಗಳಿಗಾಗಿ ಹೊಲಿಯುತ್ತಿದ್ದ ಅಂಗಿಯನ್ನು ಕೈಗೆತ್ತಿಕೊಳ್ಳುತ್ತಾರೆ. ಮನಸ್ಸು ನಿಲ್ಲದು. ಹೊಲಿಗೆ ಬದಿಗಿಟ್ಟು ಗಂಡನನ್ನು ಹೊರಡಿಸುತ್ತಾರೆ. ಮನೆಯಲ್ಲಿ ಮಗುವಿನ ಅಜ್ಜ ಇದ್ದಾರೆ, ಚಿಂತೆಯಿಲ್ಲ.

ದಂಪತಿಗಳು ಹೋದದ್ದು ನಾಟಕಕ್ಕಲ್ಲ, ಔತಣಕ್ಕೂ ಅಲ್ಲ. ಮಳೆ ಬಂದರೆ ಸೋರುವ ಗಾಜಿನ ಮಾಡಿನ ಹಳೆಯ ಶೆಡ್ಡೊಂದಕ್ಕೆ. ಬಾಗಿಲು ತೆರೆದು ಒಳಹೊಕ್ಕರು, ದೀಪ ಹಚ್ಚಲಿಲ್ಲ. ಮೇಜುಗಳ ಮೇಲೆ, ಗೋಡೆಯ ಹಲಗೆಗಳ ಮೇಲೆ, ಪುಟ್ಟ ಪುಟ್ಟ ಗಾಜಿನ ಪಾತ್ರೆಗಳು ಮಂದವಾಗಿ ನೀಲಿ ಬೆಳಕು ಸೂಸುತ್ತಿದ್ದವು.

ಅದು 1902ನೆಯ ಇಸವಿ. ಆ ಬೆಳಕು ರೇಡಿಯಂನದು. ಆ ತಾಯಿ ಮೇರಿ ಕ್ಯೂರಿ.

ಈ ಪ್ರಸಂಗವನ್ನು ಲೋಕಕ್ಕೆ ತಿಳಿಸಿದವರು ಅವರ ಕಿರಿಯ ಮಗಳು ಈವ್ ಕ್ಯೂರಿ, 1937ರಲ್ಲಿ ಪ್ರಕಟವಾದ ತಾಯಿಯ ಜೀವನಚರಿತ್ರೆಯಲ್ಲಿ. 1903ರಲ್ಲಿ ಭೌತವಿಜ್ಞಾನಕ್ಕೆ, 1911ರಲ್ಲಿ ರಸಾಯನವಿಜ್ಞಾನಕ್ಕೆ, ಹೀಗೆ ಎರಡು ನೊಬೆಲ್ ಪ್ರಶಸ್ತಿ ಪಡೆದ ಮೇರಿ ಕ್ಯೂರಿಯನ್ನು ವಿದ್ಯಾರ್ಥಿಗಳೆಲ್ಲ ಬಲ್ಲರು. ಬೆಳಿಗ್ಗೆ ಮಗುವಿಗೆ ಸ್ನಾನ ಮಾಡಿಸಿ, ಪ್ರಯೋಗಾಲಯಕ್ಕೆ ಓಡಿ, ಸಂಜೆ ಮನೆ ಸೇರಿ ದಿನದ ಖರ್ಚು ಬರೆದಿಡುತ್ತಿದ್ದ ಗೃಹಿಣಿಯ ಪರಿಚಯ ನಮಗೆ ಅಷ್ಟಾಗಿ ಇಲ್ಲ.

ಹಲ್ಲಿನ ಲೆಕ್ಕ, ಹಣ್ಣಿನ ಲೆಕ್ಕ

ಐರೀನ್ ಹುಟ್ಟಿದ್ದು 1897ರ ಸೆಪ್ಟೆಂಬರ್ 12ರಂದು. ಅಂದಿನಿಂದ ತಾಯಿಯ ಬಳಿ ಒಂದು ನೋಟ್‌ಬುಕ್ ಇತ್ತು. ಮಗುವಿನ ತೂಕವೆಷ್ಟು, ಯಾವ ದಿನ ಯಾವ ಹಲ್ಲು ಮೂಡಿತು, ಏನೆಂದು ತೊದಲಿತು, ಎಲ್ಲವೂ ದಿನಾಂಕ ಸಹಿತ ಅದರಲ್ಲಿ ದಾಖಲು.

1898ರ ಅಕ್ಟೋಬರ್ 17ರ ಬರಹದ ಪ್ರಕಾರ ಮಗು ಅಂಬೆಗಾಲು ಬಿಟ್ಟು ಚೆನ್ನಾಗಿ ನಡೆಯತೊಡಗಿದೆ. 1899ರ ಜನವರಿ 5ರ ಹೊತ್ತಿಗೆ ಬಾಯಲ್ಲಿ ಹದಿನೈದು ಹಲ್ಲುಗಳಿವೆ. ಈ ಎರಡು ತಾರೀಖುಗಳ ನಡುವೆ ಇನ್ನೊಂದು ತಾರೀಖು ಇದೆ: 1898ರ ಡಿಸೆಂಬರ್ 26. ಅಂದು ಫ್ರಾನ್ಸಿನ ವಿಜ್ಞಾನ ಅಕಾಡೆಮಿಗೆ ರೇಡಿಯಂ ಎಂಬ ಹೊಸ ಧಾತುವಿನ ಸುದ್ದಿ ಮುಟ್ಟಿತು!

ಮೇರಿಯವರ ಅಡಿಗೆ ಪುಸ್ತಕದ ಅಂಚಿನಲ್ಲೂ ಟಿಪ್ಪಣಿಗಳಿದ್ದವು. ಆ ದೇಶದ ಒಂದು ಬಗೆಯ ಸಣ್ಣ ಹುಳಿಹಣ್ಣಿನಿಂದ ಅವರು ಜೆಲ್ಲಿ ಕಾಯಿಸಿದರು. ಹಣ್ಣೆಷ್ಟು, ಅದೇ ತೂಕದ ಸಕ್ಕರೆಯೆಷ್ಟು, ಎಷ್ಟು ನಿಮಿಷ ಕುದಿಸಿದ್ದು, ಹೇಗೆ ಸೋಸಿದ್ದು, ಕೊನೆಗೆ ದೊರೆತದ್ದು ಹದಿನಾಲ್ಕು ಭರಣಿ, ಜೆಲ್ಲಿ ಚೆನ್ನಾಗಿ ಗಟ್ಟಿಯಾಯಿತಾದರೂ ಪಾರದರ್ಶಕವಾಗಿರಲಿಲ್ಲ, ಇಷ್ಟೂ ಅಲ್ಲಿದೆ. ಪ್ರಯೋಗದ ರೆಕಾರ್ಡ್ ಬರೆಯಲು ಬೇಸರಪಡುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ವಸ್ತು, ಅಳತೆ, ವಿಧಾನ, ಫಲಿತಾಂಶ, ಯಾವುದೂ ಬಿಟ್ಟಿಲ್ಲ. ಮಗಳ ಹಲ್ಲನ್ನೂ ಜೆಲ್ಲಿಯ ಬಣ್ಣವನ್ನೂ ಅದಿರಿನ ವಿಕಿರಣವನ್ನೂ ನೋಡಿದ ಕಣ್ಣು ಒಂದೇ. ಮೇರಿಗೆ ಅದರಲ್ಲಿ ದೊರೆಯುತ್ತಿದ್ದ ಸಂತೋಷವೂ ಒಂದೇ.

ಮಗುವನ್ನು ನೋಡಿಕೊಳ್ಳುವವರಾರು?

ಹಾಗೆಂದು ಎಲ್ಲವೂ ಸುಸೂತ್ರವಾಗಿತ್ತೆಂದಲ್ಲ. ಕೆಲಸದ ಮಧ್ಯೆ ಇದ್ದಕ್ಕಿದ್ದಂತೆ ಮೇರಿಗೆ ದಿಗಿಲಾಗುತ್ತಿತ್ತು: ದಾದಿ ಮಗುವನ್ನು ಎಲ್ಲಾದರೂ ಕಳೆದುಬಿಟ್ಟಳೇ? ಕೈಯಲ್ಲಿದ್ದುದನ್ನು ಬಿಟ್ಟು ಉದ್ಯಾನಕ್ಕೆ ಓಡುತ್ತಿದ್ದರು. ಅಲ್ಲಿ ದಾದಿಯೂ ತಳ್ಳುಗಾಡಿಯೂ ಕಂಡ ಮೇಲೆಯೇ ಸಮಾಧಾನ. ದುಡಿಯುವ ತಾಯಂದಿರಿಗೆ ಈ ಓಟದ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ.

ಸಂಶೋಧನೆಯನ್ನು ಬಿಡದೆ ಮಗುವನ್ನೂ ಮನೆಯನ್ನೂ ನೋಡಿಕೊಳ್ಳುವುದು ತಮಗೆ ದೊಡ್ಡ ಸಮಸ್ಯೆಯೇ ಆಗಿತ್ತೆಂದು ಮೇರಿ ತಮ್ಮ ಆತ್ಮಕಥನದ ಟಿಪ್ಪಣಿಗಳಲ್ಲಿ ಒಪ್ಪಿಕೊಂಡಿದ್ದಾರೆ. ಕೆಲಸ ಬಿಡುವುದು ಅವರಿಗೆ ನೋವಿನ ಮಾತು. ಪತಿ ಪಿಯರ್ ಅಂತೂ ಅದನ್ನು ಯೋಚಿಸಲೂ ಸಿದ್ಧರಿರಲಿಲ್ಲ. ದಾರಿ ತೋರಿಸಿದವರು ಮಾವ. ಐರೀನ್ ಹುಟ್ಟಿದ ಕೆಲವೇ ದಿನಗಳಲ್ಲಿ ಅತ್ತೆ ತೀರಿಕೊಂಡರು. ವೈದ್ಯರಾಗಿದ್ದ ಮಾವ ಯುಜೀನ್ ಕ್ಯೂರಿ ಮಗನ ಮನೆಗೆ ಬಂದು ನೆಲೆಸಿ ಮೊಮ್ಮಗಳ ಒಡನಾಡಿಯಾದರು. ರೇಡಿಯಂ ಕತೆ ಹೇಳುವಾಗ ಈ ಮುದುಕರ ಹೆಸರನ್ನು ಬಿಡುವುದು ನ್ಯಾಯವಲ್ಲ.

1906ರ ಏಪ್ರಿಲ್ 19ರಂದು ಕುದುರೆಗಾಡಿಯ ಚಕ್ರಕ್ಕೆ ಸಿಕ್ಕಿ ಪಿಯರ್ ಅಸುನೀಗಿದರು. ಹಿರಿಯವಳಿಗೆ ಆಗ ಎಂಟು ವರ್ಷ, ಈವ್ ಇನ್ನೂ ಒಂದು ವರ್ಷದ ಕೂಸು. ಮೇರಿ ಗಂಡನ ಸ್ಥಾನದಲ್ಲಿ ಸೋರ್ಬಾನ್ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದರು. ಅಲ್ಲಿ ಪಾಠ ಹೇಳಿದ ಮೊದಲ ಮಹಿಳೆ ಅವರೇ. ಆದರೆ ಮನೆಯಲ್ಲಿ ಮಕ್ಕಳೆದುರು ಗಂಡನ ಮಾತೆತ್ತಲು ಅವರಿಂದ ಆಗುತ್ತಿರಲಿಲ್ಲ. ತಂದೆಯ ಕತೆ ಕೇಳಬೇಕಾದ ವಯಸ್ಸಿನಲ್ಲಿ ಮಕ್ಕಳಿಗೆ ತಾಯಿಯ ಮೌನವೇ ಸಿಕ್ಕಿತು. ಅಲ್ಲಿಯೂ ಕೈಹಿಡಿದವರು ಅಜ್ಜನೇ, 1910ರಲ್ಲಿ ಕಣ್ಮುಚ್ಚುವವರೆಗೆ.

ಮುಚ್ಚಳದ ಪಾಠ

ಮಾತಿನಲ್ಲಿ ಕೊಡಲಾಗದ್ದನ್ನು ಮೇರಿ ಕೆಲಸದಲ್ಲಿ ಕೊಟ್ಟರು. ಪ್ಯಾರಿಸ್ ಬಳಿಯ ಸೋ ಎಂಬ ಊರಿನಲ್ಲಿ ಮನೆ ಮಾಡಿ, ತೋಟದಲ್ಲಿ ಮಕ್ಕಳಿಗೆ ಜೋತಾಡಲು ಕಂಬ, ಹಗ್ಗ ಕಟ್ಟಿಸಿದರು. ಮಕ್ಕಳನ್ನು ದಿನವಿಡೀ ಶಾಲಾ ಕೊಠಡಿಯಲ್ಲಿ ಕೂಡಿಹಾಕುವುದು ಅವರಿಗೆ ಒಗ್ಗಲಿಲ್ಲ. ಸ್ನೇಹಿತ ವಿಜ್ಞಾನಿಗಳೊಡನೆ ಸೇರಿ, ತಮ್ಮ ತಮ್ಮ ಮಕ್ಕಳಿಗೆ ಸರದಿಯಂತೆ ತಾವೇ ಪಾಠ ಹೇಳುವ ಏರ್ಪಾಡು ಮಾಡಿದರು. ರಸಾಯನವಿಜ್ಞಾನ ಜಾನ್ ಪೆರಾ ಅವರದು, ಗಣಿತ ಪಾಲ್ ಲಾಂಜವೆ ಅವರದು, ಭೌತವಿಜ್ಞಾನ ಮೇರಿಯವರದು. ಸುಮಾರು ಎರಡು ವರ್ಷ ಈ ಶಾಲೆ ನಡೆಯಿತು.

ಒಮ್ಮೆ ಮೇರಿ ಮಕ್ಕಳನ್ನು ಕೇಳಿದರು: ಪಾತ್ರೆಯಲ್ಲಿರುವ ಬಿಸಿ ದ್ರವ ಆರದಂತೆ ಏನು ಮಾಡಬೇಕು? ಉಣ್ಣೆ ಸುತ್ತಬೇಕು ಎಂದಿತು ಒಂದು ಮಗು. ಉಳಿದವು ಇನ್ನೂ ಜಾಣ ಉಪಾಯಗಳನ್ನು ಹೇಳಿದವು. ಮೇರಿ ನಕ್ಕು, ತಾವಾದರೆ ಮೊದಲು ಮುಚ್ಚಳ ಮುಚ್ಚುವುದಾಗಿ ಹೇಳಿದರು. ಅಡಿಗೆಮನೆಯಲ್ಲಿ ನಿಂತವರಿಗೇ ಹೊಳೆಯುವ ಉತ್ತರ ಇದು.

ಆ ನೀಲಿ ಬೆಳಕಿನ ಬೆಲೆ ಮುಂದೆ ತಿಳಿಯಿತು. 1934ರ ಜುಲೈ 4ರಂದು ರಕ್ತದ ಕಾಯಿಲೆಯಿಂದ ಮೇರಿ ತೀರಿಕೊಂಡರು. ವರ್ಷಗಟ್ಟಲೆ ಮೈಮೇಲೆ ಬಿದ್ದ ವಿಕಿರಣವೇ ಇದಕ್ಕೆ ಕಾರಣವೆನ್ನುತ್ತಾರೆ. ಅದೇ ವರ್ಷದ ಜನವರಿಯಲ್ಲಿ ಐರೀನ್ ಮತ್ತು ಆಕೆಯ ಪತಿ ಫ್ರೆಡರಿಕ್ ಜೋಲಿಯೋ ಕೃತಕ ವಿಕಿರಣಶೀಲತೆಯನ್ನು ಕಂಡುಹಿಡಿದು ತಾಯಿಗೆ ತೋರಿಸಿದ್ದರು. 1935ರಲ್ಲಿ ಅವರಿಗೆ ನೊಬೆಲ್ ಬಂದಾಗ ನೋಡಲು ತಾಯಿ ಇರಲಿಲ್ಲ. ಈವ್ ವಿಜ್ಞಾನದತ್ತ ಹೋಗಲಿಲ್ಲ. ಪಿಯಾನೋ ನುಡಿಸಿದರು, ಲೇಖಕಿಯಾದರು. ಹಲ್ಲಿನ ಲೆಕ್ಕವೂ ಜೆಲ್ಲಿಯ ಲೆಕ್ಕವೂ ನಮಗೆ ಸಿಕ್ಕಿದ್ದು ಅವರಿಂದ.

ಮೇರಿ ಮಕ್ಕಳಿಂದ ಮಾಡಿಸಿದ ಒಂದು ಪ್ರಯೋಗ ಭಾನುವಾರ ಯಾರ ಮನೆಯಲ್ಲಾದರೂ ಸಾಧ್ಯ. ಸೈಕಲ್ ಬೇರಿಂಗಿನ ಗುಂಡೊಂದನ್ನು ಶಾಯಿಯಲ್ಲಿ ಅದ್ದಿ, ಬಿಳಿ ಕಾಗದ ಅಂಟಿಸಿ ಓರೆಯಾಗಿಟ್ಟ ಹಲಗೆಯ ಮೇಲೆ ಅಡ್ಡಲಾಗಿ ಉರುಳಿಸಿ. ಗುಂಡು ಸಾಗಿದ ದಾರಿಯಲ್ಲಿ ಸುಂದರವಾದ ಪರವಲಯ ಮೂಡುತ್ತದೆ. ಅಮ್ಮನಿಗೆ ಬಿಡುವಾದ ಗಳಿಗೆ ನೋಡಿ ಕರೆಯಿರಿ. ಕೈಗೆ ಶಾಯಿ ಹತ್ತಿದರೆ ಯಾರೂ ಬೈಯದಿರಲಿ; ಕಾಗದದ ಮೂಲೆಯಲ್ಲಿ ತಾರೀಖು ಬರೆದಿಡಿ.