ಕಬಿನಿಯ ಹಿನ್ನೀರು: ಸರಿಯುವ ದಡವೂ ಪ್ರವಾಸೋದ್ಯಮವೂ

ಮೈಸೂರಿನಿಂದ ಹಂಪಾಪುರದ ಮಾರ್ಗವಾಗಿ ಹೆಗ್ಗಡದೇವನಕೋಟೆಯತ್ತ ಸಾಗುವ ಪ್ರವಾಸಿಕರಲ್ಲಿ ಅನೇಕರು ಕಾರಾಪುರದ ಕಡೆ ಕಬಿನಿಯ ಹಿನ್ನೀರನ್ನು ನೋಡಹೋಗತಕ್ಕವರು. ಕಡಲು ಇಲ್ಲಿಗೆ ದೂರ. ಆದರೆ ಕಡಲತೀರದ ಪ್ರವಾಸೋದ್ಯಮವನ್ನು ಕುರಿತು ಏಳುವ ಪ್ರಶ್ನೆ ಇಲ್ಲಿಯೂ ಏಳುತ್ತದೆ: ಒಂದೆಡೆ ನಿಲ್ಲದ ದಡವನ್ನು ನಂಬಿದ ಜೀವನೋಪಾಯ ಬಾಳುವುದು ಹೇಗೆ?

1974ರಲ್ಲಿ ಪೂರ್ಣಗೊಂಡ ಬೀಚನಹಳ್ಳಿಯ ಅಣೆಕಟ್ಟಿನ ಜಲಾಶಯವು 2,284 ಅಡಿಯ ಮಟ್ಟದಲ್ಲಿ ತುಂಬುತ್ತದೆ. ಅದರ ಒಟ್ಟು ಸಾಮರ್ಥ್ಯ 19.52 ಟಿ.ಎಂ.ಸಿ. ವಯನಾಡಿನ ಮುಂಗಾರು ಅದನ್ನು ತುಂಬಿಸುತ್ತದೆ. ನಾಲೆಗಳೂ ನದಿಯೂ ಬರಿದುಮಾಡುತ್ತವೆ. ಬೇಸಗೆಯಲ್ಲಿ ನೀರು ಹಿಂದೆ ಸರಿದಂತೆ ತೇವದ ನೆಲದಲ್ಲಿ ಎಳೆಹುಲ್ಲು ಚಿಗುರುತ್ತದೆ. ಕಾಡಿನೊಳಗಣ ಕೆರೆಕಟ್ಟೆಗಳು ಒಣಗಿರುವಾಗ, ಬಂಡೀಪುರ, ನಾಗರಹೊಳೆ, ವಯನಾಡಿನ ಆನೆಗಳು ಈ ಹುಲ್ಲಿಗೆ ಹಿಂಡುಹಿಂಡಾಗಿ ಇಳಿಯುತ್ತವೆ. (ಕಾಕನಕೋಟೆಯಲ್ಲಿ 1971ರವರೆಗೆ ನಡೆದ ಖೆಡ್ಡಾಗಳಲ್ಲಿ ಆನೆಗಳನ್ನು ಅಟ್ಟಿ ಕೂಡಿಹಾಕುವುದನ್ನು ನೋಡಲು ಜನ ಬರುತ್ತಿದ್ದರು, ಇಂದು ಅವು ಸ್ವೇಚ್ಛೆಯಾಗಿ ಮೇಯುವುದನ್ನು ನೋಡಲು ಬರುತ್ತಾರೆ.) ಆದುದರಿಂದ ಇಲ್ಲಿನ ಮುಖ್ಯ ಆಕರ್ಷಣೆ ತುಂಬಿದ ನೀರಲ್ಲ, ಇಳಿದ ನೀರು. ನೀರು ತಗ್ಗದಿದ್ದರೆ ಹುಲ್ಲಿಲ್ಲ. ಮಿತಿಮೀರಿ ತಗ್ಗಿದರೆ ದೋಣಿಗೆ ದಾರಿಯಿಲ್ಲ.

ಈ ಮಟ್ಟವನ್ನು ನಿರ್ಧರಿಸುವುದು ವಸತಿಗೃಹಗಳಲ್ಲ. ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ 177.25 ಟಿ.ಎಂ.ಸಿ. ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ನಿಗದಿಮಾಡಿತು; ಅದರ ಒಂದು ಪಾಲು ಕಬಿನಿಯಿಂದ ಹರಿಯುತ್ತದೆ. ಮಳೆಯಂತೂ ಯಾರ ಅಂಕೆಗೂ ಸಿಕ್ಕದು. 2018, 2019ರ ಆಗಸ್ಟ್ ತಿಂಗಳುಗಳಲ್ಲಿ ಹೊರಬಿಟ್ಟ ನೀರು ನಂಜನಗೂಡಿನ ಬಳಿ ಹೆದ್ದಾರಿಯನ್ನೇ ಮುಳುಗಿಸಿತು, 2023ರಲ್ಲಿ ಬರ.

ಕಡಲತೀರದ ವಿಷಯದಲ್ಲಿ ನಮ್ಮ ಕಾನೂನು ಒಂದು ವಿವೇಕವನ್ನು ತೋರಿದೆ. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯು ಭರತದ ರೇಖೆಯಿಂದ 500 ಮೀಟರ್‌ವರೆಗಿನ ನೆಲವನ್ನಲ್ಲದೆ, ಭರತ ಇಳಿತಗಳ ನಡುವಣ ನೆಲವನ್ನೂ ತೀರವೆಂದೇ ಎಣಿಸಿತು. 2020ರಲ್ಲಿ ನೀಲಿ ಧ್ವಜದ ಮಾನ್ಯತೆ ಪಡೆದ ಪಡುಬಿದ್ರಿ, ಕಾಸರಕೋಡುಗಳ ಮರಳದಂಡೆಗಳಲ್ಲಿ ಈ ನಡುನೆಲ ದಿನಕ್ಕೆರಡು ಬಾರಿ ಮುಳುಗೇಳುತ್ತದೆ, ಕಬಿನಿಯಲ್ಲಿ ವರ್ಷಕ್ಕೊಮ್ಮೆ. ಅವಧಿ ದೀರ್ಘವಾದುದರಿಂದಲೇ ಇಲ್ಲಿ ಅದು ಬರಿದೆ ಬಿದ್ದ ಭೂಮಿಯೆಂಬ ಭ್ರಮೆ ಹುಟ್ಟುತ್ತದೆ. ಆನೆಗೂ ಊರಿನ ದನಕ್ಕೂ ಮೇವು ಅಲ್ಲಿಯೇ. ಬೇಲಿ, ದೀಪ, ಹೊಸ ದಾರಿಗಳು ಆ ಪಟ್ಟಿಯನ್ನು ತುಂಡರಿಸಿದರೆ ಪ್ರವಾಸಿಕನು ನೋಡಲು ಬಂದದ್ದೇ ಇಲ್ಲವಾಗುತ್ತದೆ. ಅದನ್ನು ತೆರೆದೇ ಬಿಡತಕ್ಕದ್ದೆಂದು ಈ ಲೇಖಕನ ಅಭಿಪ್ರಾಯ.

ಇನ್ನು ಜನರ ಮಾತು. ಸರಗೂರು ಭಾಗದಲ್ಲಿ ಹುಲಿಯ ದಾಳಿಗೆ ರೈತರು ಬಲಿಯಾದ ಮೇಲೆ 2025ರ ನವೆಂಬರಿನಲ್ಲಿ ಸರ್ಕಾರವು ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನು ನಿಲ್ಲಿಸಿತು. ಸಫಾರಿಯ ಆದಾಯದಲ್ಲಿ ಪಾಲಿಲ್ಲದ ರೈತನು ಕಾಡಿನಂಚಿನ ಅಪಾಯವನ್ನು ಮಾತ್ರ ಹೊರುತ್ತಾನೆ. ಸಫಾರಿ ನಿಂತಾಗ ಚಾಲಕನೂ ಅಡಿಗೆಯವನೂ ಅಂದಿನ ಕೂಲಿಯನ್ನೇ ಕಳೆದುಕೊಳ್ಳುತ್ತಾರೆ. ಒಳ್ಳೆಯ ವರ್ಷಗಳ ಪ್ರವೇಶಶುಲ್ಕದಲ್ಲಿ ಒಂದಂಶವನ್ನು ಇಂಥ ತಿಂಗಳುಗಳಿಗೂ ಬೆಳೆನಷ್ಟಕ್ಕೂ ತೆಗೆದಿರಿಸುವುದು ಅಸಾಧ್ಯವೇನಲ್ಲ. ದೋಣಿಗಳ ಸಂಖ್ಯೆಯೂ ಜಲಾಶಯದ ಮಟ್ಟವನ್ನು ಅನುಸರಿಸಿ ಏರಿಳಿಯಬಹುದು. ಮಟ್ಟವನ್ನು ಅಣೆಕಟ್ಟಿನಲ್ಲಿ ದಿನವೂ ಅಳೆಯುತ್ತಾರೆ. ಅದನ್ನು ನೋಡಿ ನಾಲೆಯ ತೂಬನ್ನು ಎತ್ತುತ್ತಾರೆ. ವಸತಿಗೃಹದ ಕೋಣೆಗಳನ್ನು ಮಾತ್ರ ಅದನ್ನು ನೋಡದೆಯೇ ತಿಂಗಳುಗಳ ಮೊದಲು ಕಾದಿರಿಸಲಾಗುತ್ತದೆ.