ಸೈಕಲ್ ಇದೆ, ಬೇಕಾದಲ್ಲಿ ಇಲ್ಲ

ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸೈಕಲ್ ಕೊಡುತ್ತಿದ್ದ ಅಂಗಡಿಗಳು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಅಲ್ಲಿನ ನಿಯಮ ಒಂದೇ: ಒಯ್ದ ಸೈಕಲ್ಲನ್ನು ಅದೇ ಅಂಗಡಿಗೆ ಮರಳಿಸಬೇಕು. ಹೀಗಾಗಿ ಎಷ್ಟು ಸೈಕಲ್ ಹೊರಗೆ ಹೋದರೂ ಕತ್ತಲಾಗುವಷ್ಟರಲ್ಲಿ ಎಲ್ಲವೂ ಅಂಗಡಿ ಮುಂದೆ ಬಂದು ನಿಲ್ಲುತ್ತಿದ್ದವು.

2017ರ ಜೂನ್‌ನಲ್ಲಿ ಮೈಸೂರಿನಲ್ಲಿ ಆರಂಭವಾದ ‘ಟ್ರಿಣ್ ಟ್ರಿಣ್’ ಯೋಜನೆಯ ರೀತಿ ಬೇರೆ. ಆರಂಭದಲ್ಲಿ ಸುಮಾರು 450 ಸೈಕಲ್‌ಗಳು, 48 ತಾಣಗಳು ಇದ್ದವು. ಒಂದು ತಾಣದಲ್ಲಿ ಸೈಕಲ್ ಪಡೆದು ಇನ್ನೊಂದರಲ್ಲಿ ಬಿಟ್ಟು ಹೋಗಬಹುದಿತ್ತು. ಸವಾರರಿಗೆ ಇದು ಬಹಳ ಅನುಕೂಲ. ಆದರೆ ಈ ಅನುಕೂಲದಿಂದಲೇ ಹೊಸದೊಂದು ತೊಡಕೂ ಹುಟ್ಟುತ್ತದೆ.

ಆ ತೊಡಕು ಏನೆಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ಸಿಂಧನೂರಿನಲ್ಲಿ ಇಂಥದೇ ವ್ಯವಸ್ಥೆ ಬಂದಿದೆ ಎಂದು ಭಾವಿಸಿರಿ. ಬಸ್ ನಿಲ್ದಾಣದ ಬಳಿ ಒಂದು ತಾಣ, ಕಾಲೇಜಿನ ಬಳಿ ಒಂದು. ಪ್ರತಿ ತಾಣದಲ್ಲಿ 15 ಸೈಕಲ್ ನಿಲ್ಲಿಸಲು ಜಾಗವಿದ್ದು, ತಲಾ 10 ಸೈಕಲ್ ಇವೆ. ಬೆಳಿಗ್ಗೆ ಮಸ್ಕಿ ಕಡೆಯಿಂದ ಬಸ್ಸಿನಲ್ಲಿ 18 ವಿದ್ಯಾರ್ಥಿಗಳು ಬಂದಿಳಿಯುತ್ತಾರೆ. ಮೊದಲ 10 ಮಂದಿಗೆ ಸೈಕಲ್ ಸಿಗುತ್ತದೆ. 8 ಮಂದಿ ಬರಿಗೈಯಲ್ಲಿ ನಿಲ್ಲುತ್ತಾರೆ. ಅತ್ತ ಕಾಲೇಜಿನಲ್ಲಿ ಖಾಲಿ ಇದ್ದದ್ದು 5 ಜಾಗ ಮಾತ್ರ. ಹೀಗಾಗಿ ಸೈಕಲ್ ಸಿಕ್ಕವರಲ್ಲಿಯೂ 5 ಮಂದಿಗೆ ಅದನ್ನು ಬಿಡಲು ಜಾಗವಿಲ್ಲ. ಒಂದು ಸೈಕಲ್ಲೂ ಕೆಟ್ಟಿಲ್ಲ, ಕಳುವಾಗಿಲ್ಲ. ಆದರೂ 13 ಮಂದಿಗೆ ತೊಂದರೆ!

ಇನ್ನಷ್ಟು ಸೈಕಲ್ ಕೊಂಡರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು. ಸೈಕಲ್ ಹೆಚ್ಚಿದಷ್ಟೂ ಖಾಲಿ ಜಾಗ ಕಡಿಮೆಯಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ರೈತ ಬಾಂಧವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಲಾಶಯದಲ್ಲಿ ನೀರಿದ್ದರೂ ಕಾಲುವೆಯ ಕೊನೆಭಾಗಕ್ಕೆ ಸಕಾಲದಲ್ಲಿ ತಲುಪದಿದ್ದರೆ ಬೆಳೆ ಉಳಿಯದು. ಒಟ್ಟು ಎಷ್ಟಿದೆ ಎನ್ನುವುದಕ್ಕಿಂತ ಯಾವ ಹೊತ್ತಿಗೆ ಎಲ್ಲಿದೆ ಎನ್ನುವುದು ಮುಖ್ಯ.

ಹಾಗಾದರೆ ಪರಿಹಾರವೇನು? ಮೊದಲನೆಯದು, ಸೈಕಲ್‌ಗಳಿಗಿಂತ ಹೆಚ್ಚು ಜಾಗ ಮಾಡುವುದು. ನಮ್ಮ ಉದಾಹರಣೆಯಲ್ಲಿ 20 ಸೈಕಲ್‌ಗಳಿಗೆ ಪ್ರತಿ ತಾಣದಲ್ಲೂ 20 ಜಾಗ ಇರಲಿ. ಬೆಳಗಾಗುವ ಮುನ್ನ ಬಸ್ ನಿಲ್ದಾಣದಲ್ಲಿ 18, ಕಾಲೇಜಿನಲ್ಲಿ 2 ಸೈಕಲ್ ಇರಿಸಿದರೆ ಯಾರಿಗೂ ತೊಂದರೆಯಿಲ್ಲ. ಸಂಜೆ ಅದೇ ವಿದ್ಯಾರ್ಥಿಗಳು ಸೈಕಲ್ಲಿನಲ್ಲಿ ಮರಳಿದರೆ ಲೆಕ್ಕ ತಾನಾಗಿ ಸರಿಹೋಗುತ್ತದೆ.

ಎರಡನೆಯದು, ವಾಹನದಲ್ಲಿ ಸಾಗಿಸುವುದು. ಸಂಜೆ ಮಳೆ ಬಂದು ವಿದ್ಯಾರ್ಥಿಗಳು ಆಟೋ ಹಿಡಿದರೆ ಸೈಕಲ್‌ಗಳು ಕಾಲೇಜಿನಲ್ಲೇ ಉಳಿಯುತ್ತವೆ. ಅವನ್ನು ರಾತ್ರಿ ಬಸ್ ನಿಲ್ದಾಣಕ್ಕೆ ತರಬೇಕು. ಇದಕ್ಕೆ ಆಳು ಬೇಕು, ಇಂಧನ ಬೇಕು. ಆದ್ದರಿಂದ ಇದನ್ನು ಎಷ್ಟು ಕಡಿಮೆ ಮಾಡಿದರೆ ಅಷ್ಟು ಲೇಸು.

ಮೂರನೆಯದು, ಸವಾರರನ್ನೇ ಸಹಾಯಕರನ್ನಾಗಿ ಮಾಡಿಕೊಳ್ಳುವುದು. ಪ್ಯಾರಿಸ್ ನಗರದಲ್ಲಿ 2007ರಲ್ಲಿ ‘ವೆಲಿಬ್’ ಸೈಕಲ್ ಸೇವೆ ಆರಂಭವಾಯಿತು. ಜನರು ದಿಬ್ಬದ ಮೇಲಿನ ತಾಣಗಳಿಂದ ಸುಲಭವಾಗಿ ಇಳಿದು ಹೋಗುತ್ತಿದ್ದರು. ಸೈಕಲ್ ತುಳಿದು ಮೇಲೆ ತರುವವರು ವಿರಳ. ಹಾಗೆ ತಂದವರಿಗೆ 15 ನಿಮಿಷದ ಹೆಚ್ಚುವರಿ ಉಚಿತ ಸವಾರಿ ನೀಡಲಾಯಿತು.

ಲಿಂಗಸುಗೂರು, ಮಸ್ಕಿ, ಸಿಂಧನೂರು ಒಂದೇ ಹೆದ್ದಾರಿಯ ಊರುಗಳು. ಊರಿಂದೂರಿಗೆ ಹೋಗಲು ಬಸ್ಸೇ ಬೇಕು. ಬಸ್ ಇಳಿದ ಮೇಲಿನ ಒಂದೆರಡು ಮೈಲಿಗೆ ಸೈಕಲ್ ಸಾಕು. ಮುಂದೆ ಇಂಥ ಯೋಜನೆ ನಿಮ್ಮ ಊರಿಗೆ ಬರುವುದಾದರೆ, ಎಷ್ಟು ಸೈಕಲ್ ತರುತ್ತೀರಿ ಎಂದಷ್ಟೇ ಕೇಳಬೇಡಿ. ಬೆಳಗಿನ ಬಸ್ ಬಂದಾಗ ಅವು ಎಲ್ಲಿರುತ್ತವೆ, ಅವನ್ನು ಅಲ್ಲಿಗೆ ತರುವವರು ಯಾರು, ಆ ಖರ್ಚು ಯಾರದು ಎಂದೂ ಕೇಳಿ. ಪರೀಕ್ಷೆಯ ದಿನ ಖಾಲಿ ತಾಣ ಕಂಡ ವಿದ್ಯಾರ್ಥಿನಿ ಮರುದಿನ ಅತ್ತ ತಿರುಗಿಯೂ ನೋಡಲಾರಳು. ಕಳೆದುಕೊಂಡ ಆ ನಂಬಿಕೆಯನ್ನು ಯಾವ ವಾಹನದಲ್ಲೂ ಮರಳಿ ತರಲಾಗದು.